ಲಿನಕ್ಸ್‌ನ ಎನ್‌ಎಫ್‌ಎಸ್ ಸರ್ವರ್: ಎರಡು ವರ್ಷ ಬಳಸಿದ ಮೇಲೆ

ಹಳೆಯ ಕನ್ನಡ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ, ಅಕ್ಷರ ಜೋಡಿಸಿ ಮರುಮುದ್ರಣಕ್ಕೆ ಸಿದ್ಧಪಡಿಸುವ ನಮ್ಮ ಪುಟ್ಟ ಕಚೇರಿಯಲ್ಲಿ ಆರು ಕಂಪ್ಯೂಟರುಗಳಿವೆ. ಎ4 ಅಳತೆಯ ಒಂದು ಪುಟವನ್ನು 300 ಡಿಪಿಐನಲ್ಲಿ, ಬಣ್ಣದಲ್ಲಿ ಸ್ಕ್ಯಾನ್ ಮಾಡಿ ಕುಗ್ಗಿಸದೆ ಉಳಿಸಿದರೆ ಸುಮಾರು 26 ಎಂಬಿ ಆಗುತ್ತದೆ. ಮುನ್ನೂರು ಪುಟದ ಪುಸ್ತಕವೆಂದರೆ 8 ಜಿಬಿಗೆ ಹತ್ತಿರ. ಇವನ್ನು ಪೆನ್ ಡ್ರೈವ್‌ಗಳಲ್ಲಿ ಮೇಜಿನಿಂದ ಮೇಜಿಗೆ ಸಾಗಿಸುತ್ತಿದ್ದಾಗ ಒಂದೇ ಅಧ್ಯಾಯದ ಕರಡನ್ನು ಇಬ್ಬರು ಬೇರೆ ಬೇರೆಯಾಗಿ ತಿದ್ದಿ, ಎರಡರಲ್ಲಿ ಯಾವುದು ಸರಿಯೆಂದು ಮತ್ತೆ ಮೂಲದೊಡನೆ ಹೋಲಿಸಿ ನೋಡಬೇಕಾದ ಪ್ರಸಂಗ ಬಂದಿತು. ಅದಾದ ಮೇಲೆ ಲಿನಕ್ಸ್‌ನ ಒಂದು ವಿತರಣೆಯಾದ ಡೆಬಿಯನ್ 12 ಹಾಕಿದ ಒಂದು ಕಂಪ್ಯೂಟರನ್ನು ಸರ್ವರ್ ಮಾಡಿ, ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲೇ ಇರುವ, ಒಂದು ಯಂತ್ರದ ಕಡತಗಳನ್ನು ಜಾಲದ ಮೂಲಕ ಇತರ ಯಂತ್ರಗಳಿಗೆ ಹಂಚುವ ಎನ್‌ಎಫ್‌ಎಸ್ (ನೆಟ್‌ವರ್ಕ್ ಫೈಲ್ ಸಿಸ್ಟಮ್) ಸೇವೆಯ ಮೂಲಕ ಎಲ್ಲ ಕಡತಗಳನ್ನೂ ಒಂದೇ ಕಡೆ ಇರಿಸಿದೆವು. ಎರಡು ವರ್ಷ ದಿನವೂ ಬಳಸಿದ ಅನುಭವದಿಂದ ಈ ವಿಮರ್ಶೆ ಬರೆಯುತ್ತಿದ್ದೇನೆ.

ಎನ್‌ಎಫ್‌ಎಸ್ ಹೊಸದೇನಲ್ಲ. ಸನ್ ಮೈಕ್ರೋಸಿಸ್ಟಮ್ಸ್ ಅದನ್ನು 1984ರಲ್ಲಿ ರೂಪಿಸಿತು. ಮೂರನೆಯ ಆವೃತ್ತಿಯ ವಿವರಣೆ 1995ರಲ್ಲಿ ಪ್ರಕಟವಾಯಿತು, ಈಗ ಹೆಚ್ಚಾಗಿ ಬಳಕೆಯಲ್ಲಿರುವುದು ನಾಲ್ಕನೆಯ ಆವೃತ್ತಿ. ಲಿನಕ್ಸ್‌ನಲ್ಲಿ ಕಡತಗಳನ್ನು ಓದಿ ಬರೆದು ಕೊಡುವ ಮುಖ್ಯ ಕೆಲಸವನ್ನು ಕರ್ನಲ್‌ನೊಳಗಿನ ಎನ್‌ಎಫ್‌ಎಸ್‌ಡಿ ಮಾಡುತ್ತದೆ. ಯಾರಿಗೆ ಯಾವ ಕೋಶ (ಫೋಲ್ಡರ್) ತೆರೆದಿದೆ ಎಂಬ ಲೆಕ್ಕವನ್ನು ಮೌಂಟ್‌ಡಿ ಎಂಬ ಡೀಮನ್ (ಹಿನ್ನೆಲೆಯಲ್ಲಿ ನಡೆಯುವ ಪ್ರೋಗ್ರಾಂ) ನೋಡಿಕೊಳ್ಳುತ್ತದೆ. ಸ್ಥಾಪಿಸಲು ಒಂದೇ ಪ್ಯಾಕೇಜ್ ಸಾಕು, ಹತ್ತು ನಿಮಿಷವೂ ಹಿಡಿಯುವುದಿಲ್ಲ.

ಸಂರಚನೆಯ ಹೃದಯ ಎಕ್ಸ್‌ಪೋರ್ಟ್ಸ್ ಎಂಬ ಕಡತ. ಅದರಲ್ಲಿ ಒಂದು ಕೋಶಕ್ಕೆ ಒಂದು ಸಾಲು: ಮೊದಲು ಕೋಶದ ದಾರಿ, ಆಮೇಲೆ ಯಾವ ಕಂಪ್ಯೂಟರಿಗೆ ಅಥವಾ ಯಾವ ಜಾಲಕ್ಕೆ ಎಂಬುದು, ಅದಕ್ಕೆ ಅಂಟಿಕೊಂಡಂತೆ ಆವರಣದೊಳಗೆ ಆಯ್ಕೆಗಳು. ನಮ್ಮ ಇಡೀ ವ್ಯವಸ್ಥೆ ಎರಡು ಸಾಲುಗಳಲ್ಲಿ ಮುಗಿದಿದೆ, ಎರಡೂ 192.168.1.0/24 ಎಂಬ ಒಳಜಾಲಕ್ಕೆ ಮಾತ್ರ. ಇಷ್ಟು ಚಿಕ್ಕದಾಗಿರುವುದು ದೊಡ್ಡ ಗುಣ, ಆದರೆ ಒಂದು ಅಪಾಯವೂ ಅಲ್ಲಿಯೇ ಇದೆ. ಕಂಪ್ಯೂಟರಿನ ಹೆಸರಿಗೂ ಆವರಣಕ್ಕೂ ನಡುವೆ ಅಕಸ್ಮಾತ್ ಒಂದು ಖಾಲಿ ಜಾಗ ಬಿಟ್ಟರೆ ಅರ್ಥವೇ ಬದಲಾಗುತ್ತದೆ: ಹೆಸರಿಸಿದ ಕಂಪ್ಯೂಟರಿಗೆ ಪೂರ್ವನಿಯೋಜಿತವಾದ ಓದುವ ಅನುಮತಿ ಮಾತ್ರ ಸಿಗುತ್ತದೆ, ಆವರಣದೊಳಗಿನ ಬರೆಯುವ ಅನುಮತಿ ಜಾಲದಲ್ಲಿರುವ ಎಲ್ಲರಿಗೂ ಸಿಗುತ್ತದೆ. ಸರ್ವರ್ ಇದಕ್ಕೆ ಎಚ್ಚರಿಕೆಯ ಸಾಲೊಂದನ್ನು ತೋರಿಸುತ್ತದೆ, ಆದರೆ ಕೆಲಸವನ್ನು ನಿಲ್ಲಿಸುವುದಿಲ್ಲ. ಯಂತ್ರ ಚಾಲೂ ಆಗುವಾಗ ಸೇವೆ ತಾನಾಗಿ ಆರಂಭವಾದರಂತೂ ಆ ಸಾಲು ದಾಖಲೆಯ ರಾಶಿಯಲ್ಲಿ ಸೇರಿಹೋಗುತ್ತದೆ. ಇಂಥ ಕಡೆ ನಿರಾಕರಿಸುವುದೇ ಸರಿಯಾದ ನಡತೆ ಎಂಬುದು ನನ್ನ ದೃಢ ಅಭಿಪ್ರಾಯ. ಆದ್ದರಿಂದ ಕಡತವನ್ನು ತಿದ್ದಿದ ಮೇಲೆ ಎಕ್ಸ್‌ಪೋರ್ಟ್‌ಎಫ್‌ಎಸ್ ಆಜ್ಞೆಯನ್ನು ಆರ್ ಎ ಎಂಬ ಆಯ್ಕೆಯೊಡನೆ ಕೊಟ್ಟು ಬದಲಾವಣೆಯನ್ನು ಜಾರಿಗೆ ತಂದರೆ ಸಾಲದು. ಅದೇ ಆಜ್ಞೆಯನ್ನು ವಿ ಆಯ್ಕೆಯೊಡನೆ ಮತ್ತೊಮ್ಮೆ ಕೊಟ್ಟು, ಸರ್ವರ್ ನಮ್ಮ ಸಾಲನ್ನು ಹೇಗೆ ಅರ್ಥ ಮಾಡಿಕೊಂಡಿದೆ ಎಂದು ಓದಿ ನೋಡಬೇಕು. ನಾವು ಬರೆಯದೆ ಬಿಟ್ಟ ಆಯ್ಕೆಗಳನ್ನೂ ಅದು ಬಿಡಿಸಿ ತೋರಿಸುತ್ತದೆ. ಸೇವೆಯನ್ನು ನಿಲ್ಲಿಸದೆ, ಯಾರ ಕೆಲಸಕ್ಕೂ ಅಡ್ಡಿಯಾಗದೆ ಇದೆಲ್ಲ ನಡೆಯುತ್ತದೆ ಎಂಬುದು ನನಗೆ ಬಹಳ ಮೆಚ್ಚುಗೆಯಾದ ಸಂಗತಿ.

ಗುರುತಿನ ವಿಚಾರದಲ್ಲಿ ಈ ಸರ್ವರನ್ನು ಸರಿಯಾಗಿ ತಿಳಿದುಕೊಳ್ಳದೆ ಬಳಸಬಾರದು. ಸಾಮಾನ್ಯ ಸಂರಚನೆಯಲ್ಲಿ ಅದು ಹೆಸರನ್ನಾಗಲಿ ಪಾಸ್‌ವರ್ಡನ್ನಾಗಲಿ ಕೇಳುವುದಿಲ್ಲ. ಸರ್ವರಿನ ಕಡತಗಳನ್ನು ಬಳಸುವ ಕ್ಲೈಂಟ್ ಕಂಪ್ಯೂಟರು ಕಳುಹಿಸುವ ಬಳಕೆದಾರ ಸಂಖ್ಯೆಯನ್ನು ಹಾಗೆಯೇ ನಂಬುತ್ತದೆ. ಡೆಬಿಯನ್ ಹಾಕಿದ ಪ್ರತಿಯೊಂದು ಯಂತ್ರದಲ್ಲೂ ಮೊದಲ ಬಳಕೆದಾರರ ಸಂಖ್ಯೆ 1000. ಹೀಗಾಗಿ ನಮ್ಮ ಕಚೇರಿಯಲ್ಲಿ ಐದು ಜನ ಐದು ಯಂತ್ರಗಳಲ್ಲಿ ಬರೆದದ್ದೆಲ್ಲ ಸರ್ವರಿನ ಕಣ್ಣಿಗೆ ಒಬ್ಬರದೇ ಆಗಿತ್ತು, ಎರಡನೆಯ ಖಾತೆ ತೆರೆದುಕೊಂಡಿದ್ದ ಆರನೆಯವರಿಗೆ ಮಾತ್ರ ತಮ್ಮದೇ ಪುಟಗಳನ್ನು ಇನ್ನೊಂದು ಮೇಜಿನಿಂದ ತಿದ್ದಲು ಅನುಮತಿ ಸಿಗುತ್ತಿರಲಿಲ್ಲ. ನಾವು ಕಂಡುಕೊಂಡ ದಾರಿ ಎರಡು. ಎಲ್ಲರೂ ಸೇರಿ ಬಳಸುವ ಸ್ಕ್ಯಾನ್ ಕೋಶಕ್ಕೆ ಆಲ್ ಸ್ಕ್ವಾಶ್ ಎಂಬ ಆಯ್ಕೆ ಹಾಕಿ, ಯಾರೇ ಬರೆದರೂ ಅದು ಸರ್ವರಿನ ಒಂದು ನಿಗದಿತ ಖಾತೆಯ ಹೆಸರಿನಲ್ಲಿ ಉಳಿಯುವಂತೆ ಮಾಡಿದೆವು. ಕರಡು ತಿದ್ದುವವರ ಸ್ವಂತ ಕೋಶಗಳಿಗಾಗಿ ಆರೂ ಯಂತ್ರಗಳಲ್ಲಿ ಪ್ರತಿಯೊಬ್ಬರಿಗೂ ಒಂದೇ ಸಂಖ್ಯೆ ಬರುವಂತೆ ಖಾತೆಗಳನ್ನು ಮತ್ತೆ ರಚಿಸಿದೆವು. ಯಂತ್ರದ ಮೇಲೆ ಪೂರ್ಣ ಹಿಡಿತವುಳ್ಳ ರೂಟ್ ಎಂಬ ಬಳಕೆದಾರರ ಅಧಿಕಾರವನ್ನು ಮೊಟಕುಗೊಳಿಸುವ ರೂಟ್ ಸ್ಕ್ವಾಶ್ ತಾನಾಗಿಯೇ ಜಾರಿಯಲ್ಲಿರುತ್ತದೆ. ಅನುಮತಿಯ ತೊಂದರೆ ಬಂದ ಕೂಡಲೇ ಅದನ್ನು ತೆಗೆದುಹಾಕಿ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ, ದಯವಿಟ್ಟು ಅದನ್ನು ಪಾಲಿಸಬೇಡಿ.

ನಮ್ಮ ಬೀದಿಯಲ್ಲಿ ಕರೆಂಟು ಹೋಗುವುದು ವಾರದ ಮಾತು. ಆದ್ದರಿಂದ ಸಿಂಕ್ ಮತ್ತು ಎಸಿಂಕ್ ಎಂಬ ಎರಡು ಆಯ್ಕೆಗಳ ವ್ಯತ್ಯಾಸ ನಮಗೆ ಪುಸ್ತಕದ ಸಂಗತಿಯಲ್ಲ. ಸಿಂಕ್ ಇದ್ದರೆ, ಬರೆದಾಯಿತು ಎಂದು ಕ್ಲೈಂಟಿಗೆ ಖಾತ್ರಿ ಕೊಡುವ ಮುನ್ನ ಸರ್ವರ್ ಮಾಹಿತಿಯನ್ನು ಡಿಸ್ಕಿಗೆ ಮುಟ್ಟಿಸುತ್ತದೆ. ಎಸಿಂಕ್ ಇದ್ದರೆ ಮೊದಲೇ ಖಾತ್ರಿ ಕೊಟ್ಟು ಆಮೇಲೆ ಬರೆಯುತ್ತದೆ, ನಡುವೆ ವಿದ್ಯುತ್ ಹೋದರೆ ಕಳೆದದ್ದೇನೆಂದು ಯಾರಿಗೂ ಗೊತ್ತಾಗುವುದಿಲ್ಲ. ವೇಗಕ್ಕಾಗಿ ಎಸಿಂಕ್ ಹಾಕಬೇಕೆಂಬ ಸಲಹೆಯನ್ನು ನಾನೂ ಪರೀಕ್ಷಿಸಿ ನೋಡಿದೆ. ದೊಡ್ಡ ಟಿಫ್ ಕಡತಗಳನ್ನು ಬರೆಯುವಾಗ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ, ಏಕೆಂದರೆ ಮೂರನೆಯ ಆವೃತ್ತಿಯಿಂದ ಈಚೆಗೆ ಕ್ಲೈಂಟು ಅನೇಕ ತುಂಡುಗಳನ್ನು ಕಳುಹಿಸಿ ಕೊನೆಗೆ ಒಟ್ಟಿಗೆ ಖಾತ್ರಿ ಕೇಳುತ್ತದೆ. ಸಾವಿರಾರು ಸಣ್ಣ ಪಠ್ಯ ಕಡತಗಳನ್ನು ಒಮ್ಮೆಗೇ ಸೃಷ್ಟಿಸುವಾಗ ಮಾತ್ರ ಸಿಂಕ್ ನಿಜವಾಗಿ ನಿಧಾನ. ಆ ಕೆಲಸವನ್ನು ನಾವು ಸರ್ವರಿನ ಮೇಲೆಯೇ ಮಾಡಿಕೊಳ್ಳುತ್ತೇವೆ, ಸಿಂಕನ್ನು ಬಿಟ್ಟುಕೊಟ್ಟಿಲ್ಲ.

ವಿದ್ಯುತ್ತಿನ ಕಾರಣಕ್ಕೇ ಇನ್ನೊಂದು ಪಾಠ ಕಲಿತೆವು. ಸ್ಕ್ಯಾನ್‌ಗಳಿರುವ ಡಿಸ್ಕನ್ನು ಯಂತ್ರ ಚಾಲೂ ಆಗುವಾಗ ಯಾವ ಡಿಸ್ಕುಗಳನ್ನು ಜೋಡಿಸಬೇಕೆಂದು ಹೇಳುವ ಎಫ್‌ಎಸ್‌ಟ್ಯಾಬ್ ಕಡತದಲ್ಲಿ ನಮೂದಿಸದೆ ನಮ್ಮದೇ ಒಂದು ಸ್ಕ್ರಿಪ್ಟಿನಿಂದ ಜೋಡಿಸುತ್ತಿದ್ದೆವು. ಒಂದು ಬೆಳಗ್ಗೆ ಆ ಸ್ಕ್ರಿಪ್ಟ್ ಸೋತಿತು, ಎನ್‌ಎಫ್‌ಎಸ್ ಮಾತ್ರ ಎಂದಿನಂತೆ ಆರಂಭವಾಗಿ ಡಿಸ್ಕಿನ ಜಾಗದಲ್ಲಿದ್ದ ಖಾಲಿ ಕೋಶವನ್ನು ಎಲ್ಲರಿಗೂ ಹಂಚಿತು. ಆರು ಜನ ಖಾಲಿ ಕೋಶ ನೋಡಿ ಗಾಬರಿಯಾದರು, ಒಬ್ಬರು ಅದರೊಳಗೇ ನಲವತ್ತು ಪುಟ ಸ್ಕ್ಯಾನ್ ಮಾಡಿ ಹಾಕಿದರು. ಏನೂ ಕಳೆದುಹೋಗಲಿಲ್ಲವೆಂಬುದು ಸಮಾಧಾನ. ಎಕ್ಸ್‌ಪೋರ್ಟ್ಸ್ ಸಾಲಿನಲ್ಲಿ ಮೌಂಟ್‌ಪಾಯಿಂಟ್ ಎಂಬ ಆಯ್ಕೆ ಬರೆದಿದ್ದರೆ, ಆ ಜಾಗದಲ್ಲಿ ನಿಜವಾಗಿ ಡಿಸ್ಕ್ ಜೋಡಣೆಯಾಗಿದ್ದರೆ ಮಾತ್ರ ಸರ್ವರ್ ಅದನ್ನು ಹಂಚುತ್ತದೆ. ಇಷ್ಟು ಉಪಯುಕ್ತವಾದ ಆಯ್ಕೆ ಕೈಪಿಡಿ ಪುಟದ ನಡುವೆ ಎಲ್ಲೋ ಸಿಗುತ್ತದೆ ಎಂಬುದು ನನ್ನ ಆಕ್ಷೇಪ. ಹೊಸಬರು ಮೊದಲ ದಿನವೇ ಇದನ್ನು ಬರೆದುಕೊಳ್ಳಲಿ.

ಸರ್ವರ್ ನಿಂತು ಮತ್ತೆ ಎದ್ದಾಗ ಅದು ನಡೆದುಕೊಳ್ಳುವ ರೀತಿ ಮಾತ್ರ ಅತ್ಯುತ್ತಮ. ಲಿನಕ್ಸ್ ಕ್ಲೈಂಟುಗಳು ಪೂರ್ವನಿಯೋಜಿತವಾಗಿ ಹಾರ್ಡ್ ವಿಧಾನದಲ್ಲಿ ಜೋಡಣೆಯಾಗುತ್ತವೆ, ಅಂದರೆ ಸರ್ವರ್ ಕಾಣದಿದ್ದಾಗ ದೋಷವೆಂದು ಹೇಳಿ ಕೈಬಿಡದೆ ಕಾಯುತ್ತವೆ. ಯುಪಿಎಸ್ ಮೇಲೆ ಉಳಿದ ಕಂಪ್ಯೂಟರಿನಲ್ಲಿ ಲಿಬ್ರೆಆಫೀಸ್ ಅಲುಗಾಡದೆ ನಿಂತಿದ್ದು, ಸರ್ವರ್ ಮರಳಿದ ಮೇಲೆ ಕಡತವನ್ನು ಉಳಿಸಿ ಮುಂದುವರಿದದ್ದನ್ನು ಹಲವು ಸಲ ನೋಡಿದ್ದೇನೆ. ಮರಳಿದ ನಂತರ ಒಬ್ಬರು ತಿದ್ದುತ್ತಿರುವ ಕಡತವನ್ನು ಬೇರೆಯವರು ತಿದ್ದದಂತೆ ಹಾಕಿದ್ದ ಹಳೆಯ ಬೀಗಗಳನ್ನು ಅವುಗಳ ಒಡೆಯರಿಗೇ ಹಿಂತಿರುಗಿಸಲು 90 ಸೆಕೆಂಡುಗಳವರೆಗೆ ಅವಕಾಶ ಕೊಡುತ್ತದೆ. ಆ ಹೊತ್ತಿನಲ್ಲಿ ಹೊಸ ಕಡತ ತೆರೆಯಲು ಹೋದವರು ಕಾಯಬೇಕು. ಇದನ್ನು ನಮ್ಮವರಿಗೆ ಮೊದಲೇ ತಿಳಿಸಿರಲಿಲ್ಲವಾದ್ದರಿಂದ ಸರ್ವರ್ ಕೆಟ್ಟಿತೆಂದು ಒಬ್ಬರು ಅದನ್ನು ಮತ್ತೆ ಮತ್ತೆ ಆರಿಸಿ ಹೊತ್ತಿಸಿದ್ದುಂಟು.

ಎನ್‌ಎಫ್‌ಎಸ್ ಕಾನ್ಫ್ ಎಂಬ ಎರಡನೆಯ ಕಡತದಲ್ಲಿ ನಾವು ಮಾಡಿದ ಮುಖ್ಯ ಬದಲಾವಣೆ ಮೂರನೆಯ ಆವೃತ್ತಿಯನ್ನು ಪೂರ್ತಿ ಮುಚ್ಚಿದ್ದು. ಆ ಆವೃತ್ತಿಗೆ 111ನೆಯ ಪೋರ್ಟು (ಜಾಲದ ಸಂಪರ್ಕ ಒಳಬರುವ, ಸಂಖ್ಯೆಯಿರುವ ಬಾಗಿಲು), ಅದರ ಜೊತೆಗೆ ಬೀಗ ಮತ್ತು ಜೋಡಣೆಯ ಡೀಮನ್‌ಗಳಿಗೆ ಬೇರೆ ಬೇರೆ ಪೋರ್ಟುಗಳು ಬೇಕು. ನಾಲ್ಕನೆಯದಕ್ಕೆ 2049 ಒಂದೇ ಸಾಕು, ಫೈರ್‌ವಾಲ್‌ನಲ್ಲಿ ಒಂದೇ ಬಾಗಿಲು. ಕೋರಿಕೆಗಳನ್ನು ಏಕಕಾಲಕ್ಕೆ ನಿಭಾಯಿಸುವ ಥ್ರೆಡ್‌ಗಳ ಸಂಖ್ಯೆಯನ್ನು 8ರಿಂದ 16ಕ್ಕೆ ಏರಿಸಿ ನೋಡಿದೆವು. ಆದರೆ ಮೂರು ಯಂತ್ರಗಳಲ್ಲಿ ಟೆಸರಾಕ್ಟ್ ತಂತ್ರಾಂಶ ಒಟ್ಟಿಗೆ ಕನ್ನಡ ಅಕ್ಷರ ಗುರುತಿಸುವಾಗಲೂ ಸರ್ವರಿಗಿಂತ ಮೊದಲು ಗಿಗಾಬಿಟ್ ಕೇಬಲ್ಲೇ ತುಂಬಿಹೋಗುತ್ತಿತ್ತು.

ಕನ್ನಡದಲ್ಲಿ ಕಡತದ ಹೆಸರಿಡುವವರು ಮುಂದಿನ ಮಾತನ್ನು ಗಮನಿಸಬೇಕು. ಸರ್ವರ್ ಹೆಸರುಗಳನ್ನು ಬೈಟ್‌ಗಳಾಗಿಯೇ ಕಾಣುತ್ತದೆ, ಅಕ್ಷರಗಳಾಗಿ ಅಲ್ಲ. ಅದರ ಕೆಳಗೆ ಡಿಸ್ಕಿನಲ್ಲಿ ಕಡತಗಳನ್ನು ಜೋಡಿಸಿಡುವ ಎಕ್ಸ್‌ಟಿ4 ವ್ಯವಸ್ಥೆಯಲ್ಲಿ ಒಂದು ಹೆಸರಿಗೆ ಹೆಚ್ಚೆಂದರೆ 255 ಬೈಟ್. ಯೂನಿಕೋಡ್ ಸಂಕೇತಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್ ಬೇಕಾಗುವುದರಿಂದ ನಮಗೆ ಉಳಿಯುವುದು 85 ಸಂಕೇತ. ‘ಸ್ತ್ರೀ’ ಎಂಬ ಒಂದೇ ಅಕ್ಷರಕ್ಕೆ 6 ಸಂಕೇತ, ಅಂದರೆ 18 ಬೈಟ್. ಪುಸ್ತಕದ ಹೆಸರು, ಲೇಖಕರು, ಪ್ರಕಾಶಕರು, ವರ್ಷ ಎಲ್ಲವನ್ನೂ ಕಡತದ ಹೆಸರಿನಲ್ಲೇ ಬರೆಯುವ ನಮ್ಮ ಹಳೆಯ ರೂಢಿಯನ್ನು ಇದರಿಂದಾಗಿ ಬಿಡಬೇಕಾಯಿತು.

ಅದಕ್ಕಿಂತ ಸೂಕ್ಷ್ಮವಾದದ್ದು ಸ್ವರಚಿಹ್ನೆಗಳ ಸಂಗತಿ. ‘ಕೋಶ’ದ ಓತ್ವವನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ, ಊತ್ವ ಮತ್ತು ದೀರ್ಘದ ಚಿಹ್ನೆಗಳಾಗಿ ಬಿಡಿಸಿಯೂ ಬರೆಯಬಹುದು, ಪರದೆಯ ಮೇಲೆ ಎರಡೂ ಒಂದೇ, ಸರ್ವರಿಗೆ ಮಾತ್ರ ಎರಡು ಬೇರೆ ಕಡತಗಳು. ಮುಖಪುಟ ವಿನ್ಯಾಸ ಮಾಡುವವರ ಮ್ಯಾಕ್‌ನಿಂದ ಬಂದ ಹೆಸರುಗಳು ಬಿಡಿಸಿದ ರೂಪದಲ್ಲಿದ್ದವು, ಲಿನಕ್ಸ್‌ನ ಹುಡುಕಾಟಕ್ಕೆ ಅವು ಸಿಗುತ್ತಿರಲಿಲ್ಲ, ಒಂದೇ ಹೆಸರಿನ ಎರಡು ಕಡತಗಳು ಅಕ್ಕಪಕ್ಕ ಕುಳಿತಿರುತ್ತಿದ್ದವು. ಕಾರಣ ತಿಳಿಯಲು ನನಗೆ ಮೂರು ದಿನ ಬೇಕಾಯಿತು. ಮ್ಯಾಕ್‌ನಲ್ಲಿ ಜೋಡಿಸುವಾಗ ಎನ್‌ಎಫ್‌ಸಿ ಎಂಬ ಆಯ್ಕೆ ಕೊಟ್ಟರೆ ಅದು ಕೂಡಿಸಿದ ರೂಪವನ್ನೇ ಕಳುಹಿಸುತ್ತದೆ. ಅದರೊಡನೆ ನಾಲ್ಕನೆಯ ಆವೃತ್ತಿಯೆಂದು ಸ್ಪಷ್ಟವಾಗಿ ಹೇಳಬೇಕು, ರೆಸ್ವ್‌ಪೋರ್ಟ್ ಆಯ್ಕೆಯನ್ನೂ ಸೇರಿಸಬೇಕು, ಏಕೆಂದರೆ 1024ಕ್ಕಿಂತ ಕೆಳಗಿನ ಪೋರ್ಟಿನಿಂದ ಬಾರದ ಕೋರಿಕೆಯನ್ನು ಸರ್ವರ್ ಪೂರ್ವನಿಯೋಜಿತವಾಗಿ ನಿರಾಕರಿಸುತ್ತದೆ. ಆಗಲೇ ಸೇರಿಕೊಂಡಿದ್ದ ಹಳೆಯ ಹೆಸರುಗಳನ್ನು ಕಾನ್ವ್‌ಎಂವಿ ಎಂಬ ಉಪಕರಣದಿಂದ ಒಂದೇ ರೂಪಕ್ಕೆ ತಂದೆವು.

ಕೊರತೆಗಳಲ್ಲಿ ಮೊದಲನೆಯದು, ಸಾಮಾನ್ಯ ಸಂರಚನೆಯಲ್ಲಿ ಕಡತಗಳು ಜಾಲದಲ್ಲಿ ಬಯಲಾಗಿಯೇ ಹರಿಯುತ್ತವೆ. ಕೆರ್ಬೆರೋಸ್ ಎಂಬ ಭದ್ರತಾ ವ್ಯವಸ್ಥೆಯನ್ನು ಸೇರಿಸಿದರೆ ಗುರುತಿನ ಪರೀಕ್ಷೆಯೂ ಗೂಢಲಿಪೀಕರಣವೂ ಸಿಗುತ್ತವೆ, ಆದರೆ ಆರು ಯಂತ್ರಗಳ ಕಚೇರಿಗೆ ಆ ವ್ಯವಸ್ಥೆಯನ್ನು ನಡೆಸುವುದು ಎನ್‌ಎಫ್‌ಎಸ್‌ಗಿಂತ ದೊಡ್ಡ ಕೆಲಸ. 2022ರಲ್ಲಿ ಪ್ರಕಟವಾದ ಆರ್‌ಎಫ್‌ಸಿ 9289 ಎಂಬ ಅಂತರಜಾಲ ಮಾನಕದ ಪ್ರಕಾರ ಟಿಎಲ್‌ಎಸ್ ಎಂಬ ಗೂಢಲಿಪಿ ವಿಧಾನದ ಮೂಲಕ ಸಾಗಿಸುವ ಹೊಸ ಸೌಲಭ್ಯ ನಮ್ಮಂಥವರಿಗೆ ಹೆಚ್ಚು ಹೊಂದುತ್ತದೆ, ಮುಂದಿನ ಬಾರಿ ಡೆಬಿಯನ್ ನವೀಕರಿಸುವಾಗ ಅದನ್ನೇ ಅಳವಡಿಸಲಿದ್ದೇವೆ. ಎರಡನೆಯದು, ಯಾರು ಯಾವ ಕಡತವನ್ನು ಅಳಿಸಿದರು ಎಂಬ ದಾಖಲೆಯನ್ನು ಈ ಸರ್ವರ್ ತಾನಾಗಿ ಇಡುವುದಿಲ್ಲ. ಅದಕ್ಕಾಗಿ ಪ್ರತಿ ರಾತ್ರಿ ಬೇರೆ ಡಿಸ್ಕಿಗೆ ನಕಲು ತೆಗೆಯುತ್ತೇವೆ. ಹೊರಗಿನಿಂದ ಲ್ಯಾಪ್‌ಟಾಪ್ ತರುವ ಲೇಖಕರಿಗೆ ಎನ್‌ಎಫ್‌ಎಸ್ ಕೋಶಗಳನ್ನು ತೆರೆದಿಲ್ಲ. ಅವರಿಗಾಗಿ ಅದೇ ಯಂತ್ರದಲ್ಲಿ ಪಾಸ್‌ವರ್ಡ್ ಕೇಳುವ ಸಾಂಬಾ ಎಂಬ ಇನ್ನೊಂದು ಕಡತ ಹಂಚುವ ಸೇವೆಯನ್ನು ಬೇರೊಂದು ಕೋಶಕ್ಕೆ ಹಾಕಿದ್ದೇವೆ, ಅವರ ವೈಫೈ ಕೂಡ ಮೇಲೆ ಹೇಳಿದ ಒಳಜಾಲಕ್ಕೆ ಸೇರಿಲ್ಲ.