ಅಟ್ಲಾಂಟಿಕ್ ಜೈಂಟ್ ಬೀಜ: ಐದಕ್ಕೆ ಮೂರು ಸ್ಟಾರ್, ಅದೂ ಮೊಳಕೆಗೆ

ಮಿನ್ನೆಸೋಟಕ್ಕೆ ಬಂದು ಒಂಬತ್ತು ವರ್ಷ. ಇಲ್ಲೇ ಅನೋಕಾದ ತೋಟಗಾರಿಕೆ ಮೇಷ್ಟ್ರೊಬ್ಬರು 2023ರಲ್ಲಿ 1,247 ಕೆಜಿ ಕುಂಬಳವನ್ನು ಕ್ಯಾಲಿಫೋರ್ನಿಯಾಕ್ಕೆ ಒಯ್ದು ವಿಶ್ವದಾಖಲೆ ಮಾಡಿದ ಮೇಲೆ ನನಗೂ ಹುಚ್ಚು ಹತ್ತಿತು. ಆನ್‌ಲೈನ್ ಅಂಗಡಿಯೊಂದರಿಂದ ಐದು ಬೀಜದ ಪೊಟ್ಟಣ ತರಿಸಿದೆ, 12 ಡಾಲರ್. ತಳಿ ಅಟ್ಲಾಂಟಿಕ್ ಜೈಂಟ್, ಕೆನಡಾದ ನೋವಾ ಸ್ಕೋಷಿಯಾದ ರೈತ ಹೊವರ್ಡ್ ಡಿಲ್ ರೂಪಿಸಿದ್ದು. ಈಗಿನ ದೈತ್ಯ ಕುಂಬಳಗಳೆಲ್ಲ ಹೆಚ್ಚುಕಮ್ಮಿ ಅದರ ಮೊಮ್ಮಕ್ಕಳೇ.

ಅಂಚು ಉಜ್ಜಿ, ನೆನೆಹಾಕಿ ಬಿತ್ತಿದೆ. ನಾಲ್ಕು ಮೊಳೆತವು. ಎರಡನ್ನು ಹಿತ್ತಲಲ್ಲಿ ನೆಟ್ಟೆ.

ಜೂನ್ ಕೊನೆಗೆ ಎರಡನೆಯದರ ಬಳ್ಳಿ ಹನ್ನೆರಡನೇ ಗೆಣ್ಣಿನಿಂದಾಚೆ ಹೇಗೋ ಆಗತೊಡಗಿತು. ಹೆಬ್ಬೆರಳಿನಂತೆ ದುಂಡಗಿದ್ದದ್ದು ಮೂರು ಬೆರಳಗಲದ ಪಟ್ಟಿ, ಅಜ್ಜಿಯ ಸೊಂಟದ ಡಾಬಿನ ಹಾಗೆ, ಉದ್ದಕ್ಕೂ ಗೀರು. ಒಂದು ಗೆಣ್ಣಿಗೆ ಒಂದೇ ಎಲೆ ಇರಬೇಕಾದಲ್ಲಿ ಮೂರು ಒತ್ತಾಗಿ ನಿಂತಿದ್ದವು. ತುದಿಯಲ್ಲಿ ಕುಡಿಯೇ ಇಲ್ಲ, ಬಾಚಣಿಗೆ! ಒಂದೇ ತೊಟ್ಟಿಗೆ ಎರಡು ಹೀಚು ಬೆನ್ನಿಗೆ ಬೆನ್ನು ಅಂಟಿಕೊಂಡಿದ್ದವು.

ಅಂಗಡಿಗೆ ಫೋಟೋ ಕಳಿಸಿ 'ಇದೇನು?' ಎಂದಷ್ಟೇ ಕೇಳಿದೆ. 'ಗೊಬ್ಬರ ಜಾಸ್ತಿ ಹಾಕಿದ್ದೀರಿ, ಹಣ ವಾಪಸ್ ಇಲ್ಲ' ಎಂದು ಉತ್ತರ. ನಾನು ಹಣ ಕೇಳಿರಲೇ ಇಲ್ಲ! ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವರು ಇವರೇ ಇರಬೇಕು. ಎರಡು ಸ್ಟಾರ್ ಹೋಗಿದ್ದು ಇಲ್ಲಿ.

ಬೆಳೆಗಾರರು ಇದನ್ನು ಫ್ಲಾಟ್ ವೈನ್, ಅಂದರೆ ಚಪ್ಪಟೆ ಬಳ್ಳಿ, ಅನ್ನುತ್ತಾರೆ. ಒಂದು ಬಿಂದುವಾಗಿ ಬೆಳೆಯಬೇಕಾದ ಕುಡಿಯ ಜೀವಕೋಶಗಳು ಗೆರೆಯಾಗಿ ಹರಡಿಕೊಳ್ಳುತ್ತವೆ. ವಂಶದ ಗುಣ ಇರಬಹುದು, ಎಳೆತನದಲ್ಲಿ ತಗುಲಿದ ಚಳಿಯೋ ಕುಡಿಗಾದ ಪೆಟ್ಟೋ ಇರಬಹುದು. ನೋಡಿ ಹೇಳಲಿಕ್ಕಾಗದು. ನಾವು ಮುಡಿಯುವ ಕೋಳಿಜುಟ್ಟು ಹೂವೂ ಇದೇ ವಿಕಾರ. ಅಲ್ಲಿ ಮಾತ್ರ ಬೇಕೆಂದೇ ಉಳಿಸಿಕೊಂಡಿದ್ದೇವೆ.

ಗಿಡವನ್ನೇ ಕೀಳಲು ಮನಸ್ಸಾಗಲಿಲ್ಲ. ಚಪ್ಪಟೆ ಶುರುವಾಗುವ ಗೇಣುದ್ದ ಹಿಂದೆಯೇ ಕತ್ತರಿಸಿ, ಗಟ್ಟಿಯಾದ ಪಕ್ಕದ ಕವಲನ್ನು ಮುಖ್ಯ ಬಳ್ಳಿ ಮಾಡಿದೆ. ಅದು ದುಂಡಗೇ ಹೋಯಿತು. ಆದರೆ ಎರಡು ವಾರ ಹಿಂದೆ ಬಿತ್ತು. ಪಳಗಿದವರ ಕಾಯಿ ಭರದಲ್ಲಿ ದಿನಕ್ಕೆ 15 ಕೆಜಿಗೂ ಹೆಚ್ಚು ಏರುತ್ತದೆ, ಇಲ್ಲಿಯ ಬೇಸಿಗೆಯೋ ಗಿಡ್ಡ. ಎರಡು ವಾರ ಅಂದರೆ ಲೆಕ್ಕ ಹಾಕಿಕೊಳ್ಳಿ. ಮೊದಲ ಗಿಡದ ಕಾಯಿ 138 ಕೆಜಿ ತೂಗಿತು, ಇದರದ್ದು 61.

ಬೀಜ ತರಿಸುವವರು ತರಿಸಿ, ಮೊಳಕೆಗೆ ಮೋಸವಿಲ್ಲ. ಎರಡು ಗಿಡವಾದರೂ ಉಳಿಸಿಕೊಳ್ಳಿ.

ಕತ್ತರಿಸಿದ ಕುಡಿ ಎಸೆಯಲಿಲ್ಲ. ಔಷಧಿ ಹೊಡೆದಿರಲಿಲ್ಲವಲ್ಲ, ನಾರು ತೆಗೆದು ತೊಗರಿಬೇಳೆ ಹಾಕಿ ಪಲ್ಯ ಮಾಡಿದೆ. ಎಲೆ ಬೆಣ್ಣೆ. ಡಾಬು ಮಾತ್ರ ಕುಕ್ಕರಿನಲ್ಲಿ ಮೂರು ಕೂಗು ಜಾಸ್ತಿ ಕೇಳಿತು.