ಸಿಗ್ವಿನ್ನಾ, ಡಬ್ಲ್ಯೂಎಸ್‌ಎಲ್ಲಾ?

ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಯುನಿಕ್ಸ್ ಕಮಾಂಡುಗಳು ಬೇಕು, ಸಿಗ್ವಿನ್ ಹಾಕಿಕೊಳ್ಳಲಾ, ಇಲ್ಲ ವಿಂಡೋಸ್ ಒಳಗೇ ಲಿನಕ್ಸ್ ಓಡಿಸುವ ಮೈಕ್ರೋಸಾಫ್ಟಿನ ಡಬ್ಲ್ಯೂಎಸ್‌ಎಲ್ ಹಾಕಿಕೊಳ್ಳಲಾ ಅಂತ ಯಾರಾದರೂ ಕೇಳಿದರೆ ನಾನು ಮೊದಲು ಕೇಳುವುದು ರ‍್ಯಾಮ್ ಎಷ್ಟಿದೆ ಅಂತ.

4 ಜಿಬಿಯ ಹಳೇ ಮೆಷಿನ್ನಾ? ಸಿಗ್ವಿನ್ ಸಾಕು. 1995ರಿಂದ ಇದೆ. ಇದರಲ್ಲಿ ಲಿನಕ್ಸ್ ಇಲ್ಲ, ಯುನಿಕ್ಸ್ ಮಾತನ್ನು ವಿಂಡೋಸಿಗೆ ತಿಳಿಯುವಂತೆ ಹೇಳುವ ಒಂದು ಡಿಎಲ್‌ಎಲ್ (ಬೇರೆ ಪ್ರೋಗ್ರಾಮುಗಳು ಬಳಸಿಕೊಳ್ಳುವ ಕೋಡ್ ಫೈಲು) ಇದೆ, ಅಷ್ಟೇ. ಕಿರಿಕಿರಿಯೂ ಅಲ್ಲೇ. ಓಡುತ್ತಿರುವ ಪ್ರೋಗ್ರಾಮಿನ ನಕಲನ್ನು ಹುಟ್ಟಿಸುವ, ಯುನಿಕ್ಸಿನ ಫೋರ್ಕ್ ಅನ್ನುವುದನ್ನು ಸಿಗ್ವಿನ್ ಹೇಗೋ ನಟಿಸಬೇಕು, ನಡುವೆ ಆಂಟಿವೈರಸ್ ಕೈಹಾಕಿದರೆ ಅಥವಾ ಡಿಎಲ್‌ಎಲ್‌ಗಳು ಮೆಮೊರಿಯ ಒಂದೇ ವಿಳಾಸಕ್ಕೆ ಜಗಳವಾಡಿದರೆ ಫೋರ್ಕ್ ಎರರ್ ಬರುತ್ತದೆ. ಸಿಗ್ವಿನ್ ವಿಂಡೋಗಳನ್ನೆಲ್ಲ ಮುಚ್ಚಿ ಸೆಟಪ್ ಮತ್ತೊಮ್ಮೆ ಓಡಿಸಿ, ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದೆ. ಜುಲೈ ಮಳೆಗೆ ನೆಟ್ ಹೋಗುವ ತೋಟದ ಮನೆಯವರಿಗೆ ಇನ್ನೊಂದು ಅನುಕೂಲ ಇದೆ: ಮಡಿಕೇರಿಗೆ ಹೋದಾಗ ಪ್ಯಾಕೇಜ್ ಇಳಿಸಿ ಪೆನ್‌ಡ್ರೈವಿನಲ್ಲಿ ತಂದರೆ, ನೆಟ್ ಇಲ್ಲದೆಯೇ ಇನ್‌ಸ್ಟಾಲ್ ಮಾಡಬಹುದು.

8 ಜಿಬಿ ಅಥವಾ ಜಾಸ್ತಿ ಇದ್ದರೆ ಸುಮ್ನೆ ಡಬ್ಲ್ಯೂಎಸ್‌ಎಲ್ 2 ಹಾಕಿ. ವರ್ಚುವಲ್ ಮೆಷಿನ್ (ಕಂಪ್ಯೂಟರಿನೊಳಗೇ ಓಡುವ ಇನ್ನೊಂದು ಕಂಪ್ಯೂಟರ್) ಒಳಗೆ ನಿಜವಾದ ಲಿನಕ್ಸ್ ಕರ್ನಲ್, ಅಂದರೆ ಲಿನಕ್ಸಿನ ತಿರುಳು. ರ‍್ಯಾಮ್ ಜಾಸ್ತಿ ಬೇಕಾಗುವುದು ಅದಕ್ಕೇ. ಶುರುವೇ ಆಗದಿದ್ದರೆ ಬಯೋಸ್‌ನಲ್ಲಿ (ಲ್ಯಾಪ್‌ಟಾಪ್ ಆನ್ ಆಗುವಾಗ ತೆರೆಯುವ ಸೆಟ್ಟಿಂಗ್‌ಗಳಲ್ಲಿ) ವರ್ಚುವಲೈಸೇಶನ್ ಆನ್ ಇದೆಯಾ ನೋಡಿ. ನಿಧಾನ ಅನ್ನಿಸಿದರೆ ನಿಮ್ಮ ಫೈಲುಗಳು ವಿಂಡೋಸಿನ ಸಿ ಡ್ರೈವಿನಲ್ಲೇ ಕೂತಿರಬಹುದು, ಅಲ್ಲಿಂದ ಓದುವುದು ಡಬ್ಲ್ಯೂಎಸ್‌ಎಲ್ 2ಗೆ ನಿಧಾನ, ಲಿನಕ್ಸಿನ ಹೋಮ್ ಫೋಲ್ಡರಿಗೆ ಸಾಗಿಸಿ. ಆದರೆ ಕಾಫಿ ಲೆಕ್ಕದ ಎಕ್ಸೆಲ್ ಫೈಲು ಸಿ ಡ್ರೈವಿನಲ್ಲೇ ಇರಬೇಕು ಅಲ್ವಾ, ಅಂಥ ಕೆಲಸಕ್ಕೆ ನಾನು ಈಗಲೂ ಸಿಗ್ವಿನ್ನೇ ಬಳಸುತ್ತೇನೆ.

ಎರಡರಲ್ಲೂ ಕಾಡುವುದು ಸಾಲಿನ ಕೊನೆ: ಅಲ್ಲಿ ವಿಂಡೋಸ್ ಹಾಕುವ ಕಾಣದ ಗುರುತು ಬೇರೆ, ಯುನಿಕ್ಸಿನದು ಬೇರೆ. ವಿಂಡೋಸ್ ಎಡಿಟರಿನಲ್ಲಿ ಬರೆದ ಸ್ಕ್ರಿಪ್ಟ್ ಓಡದೆ ನಾನು ಒಂದಿಡೀ ಸಂಜೆ ತಲೆ ಕೆರೆದುಕೊಂಡಿದ್ದೇನೆ. ಆ ಗುರುತು ಬದಲಿಸುವ ಡಾಸ್‌ಟುಯುನಿಕ್ಸ್ (dos2unix) ಕಮಾಂಡ್ ಒಮ್ಮೆ ಓಡಿಸಿದ್ದೇ ತಡ, ಸರಿಹೋಯಿತು.