ಗ್ಯಾರೇಜ್ ಕಾರ್ಯಾಗಾರಕ್ಕೆ ಪ್ರತ್ಯೇಕ ಡಿಬಿ (ವಿದ್ಯುತ್ ಹಂಚಿಕೆ ಪೆಟ್ಟಿಗೆ): ಮೈಸೂರಿನ ವಿದ್ಯುತ್ ಗುತ್ತಿಗೆದಾರರೊಬ್ಬರ ಕೆಲಸದ ವಿಮರ್ಶೆ

ಗ್ಯಾರೇಜಿನಲ್ಲಿ ಟೇಬಲ್ ಗರಗಸ, 2 ಎಚ್‌ಪಿ ಕಂಪ್ರೆಸರ್ ಇಟ್ಟುಕೊಂಡು ಮರಗೆಲಸ ಮಾಡುವವರಿಗೆ, ಕಂಪ್ರೆಸರ್ ಶುರುವಾದೊಡನೆ ದೀಪ ಮಂಕಾಗುವುದೂ ಎಂಸಿಬಿ (ವಿದ್ಯುತ್ ಮಿತಿಮೀರಿ ಹರಿದರೆ ತಾನಾಗಿ ಕಡಿಯುವ ಸ್ವಿಚ್) ಬೀಳುವುದೂ ಹೊಸತಲ್ಲ. ನಾವು ಮೊದಲು ಕರೆಸಿದ ಎಲೆಕ್ಟ್ರಿಷಿಯನ್, ಹಳೆಯ 2.5 ಚದರ ಮಿ.ಮೀ. ವೈರನ್ನು ಹಾಗೆಯೇ ಉಳಿಸಿ 32 ಆಂಪಿಯರ್ ಎಂಸಿಬಿ ಹಾಕಿದರೆ ಸಾಕು ಎಂದರು. ವೈರು ಅತಿಯಾಗಿ ಬಿಸಿಯಾಗುವ ಮೊದಲೇ ಬೀಳಲೆಂದು ಇರುವ ಎಂಸಿಬಿಯನ್ನು ದೊಡ್ಡದು ಮಾಡಿ ವೈರನ್ನು ಸಣ್ಣದಾಗಿಯೇ ಬಿಡುವುದು ಬೆಂಕಿಗೆ ದಾರಿ ಮಾಡಿಕೊಡುವ ಸಲಹೆ. ಹೀಗಾಗಿ ಕೆಲಸವನ್ನು ಪರವಾನಗಿಯುಳ್ಳ ಗುತ್ತಿಗೆದಾರರೊಬ್ಬರಿಗೆ ವಹಿಸಿದೆವು.

ಅವರು ಮೊದಲು ಮಾಡಿದ್ದು ಲೋಡ್ ಲೆಕ್ಕ. ಕಂಪ್ರೆಸರ್ ಓಡುವಾಗ 10 ಆಂಪಿಯರ್‌ನಷ್ಟು ಎಳೆದರೂ ಶುರುವಾಗುವ ಕ್ಷಣದಲ್ಲಿ 60ರ ಆಸುಪಾಸಿಗೆ ಏರುತ್ತದೆ. ಮೀಟರ್ ಬೋರ್ಡಿನಿಂದ ಗ್ಯಾರೇಜಿಗಿರುವ 18 ಮೀಟರ್ ದೂರದಲ್ಲಿ ಹಳೆಯ ವೈರಿನಲ್ಲಿ ಆಗ ಸುಮಾರು 16 ವೋಲ್ಟ್ ಕಳೆದುಹೋಗುತ್ತದೆ, 6 ಚದರ ಮಿ.ಮೀ. ತಾಮ್ರದಲ್ಲಾದರೆ 7 ವೋಲ್ಟ್‌ಗಿಂತ ಕಡಿಮೆ. ಈ ಲೆಕ್ಕದ ಮೇಲೆಯೇ 6 ಚದರ ಮಿ.ಮೀ. ಕೇಬಲ್ ಎಳೆದು, ಮೀಟರ್ ಬೋರ್ಡಿನಲ್ಲಿ ಅದಕ್ಕೆಂದೇ 32 ಆಂಪಿಯರ್ ಎಂಸಿಬಿ ಕೊಟ್ಟರು. ಕಂಪ್ರೆಸರಿಗೆ ಸಿ ಮಾದರಿಯ 16 ಆಂಪಿಯರ್ ಎಂಸಿಬಿ ಹಾಕಿದ್ದಾರೆ. ಅದು ತಕ್ಷಣ ಬೀಳುವುದು 80 ಆಂಪಿಯರ್ ದಾಟಿದ ಮೇಲಾದ್ದರಿಂದ ಶುರುವಿನ ಎಳೆತವನ್ನು ತಡೆದುಕೊಳ್ಳುತ್ತದೆ.

ನನಗೆ ಹೆಚ್ಚು ಮೆಚ್ಚುಗೆಯಾದದ್ದು ಗ್ಯಾರೇಜಿನ ಡಿಬಿಯಲ್ಲಿ ಯಂತ್ರಗಳಿಗೊಂದು, ದೀಪಗಳಿಗೊಂದು ಎಂದು 30 ಮಿಲಿಆಂಪಿಯರ್‌ನ ಎರಡು ಆರ್‌ಸಿಸಿಬಿ (ವಿದ್ಯುತ್ ಸೋರಿದೊಡನೆ ಕಡಿಯುವ ಸ್ವಿಚ್) ಇಟ್ಟದ್ದು. ಗರಗಸದ ಕಡೆ ಸೋರಿಕೆಯಾಗಿ ಆರ್‌ಸಿಸಿಬಿ ಬಿದ್ದರೂ ದೀಪ ಆರುವುದಿಲ್ಲ. ಅಲಗು ಇನ್ನೂ ತಿರುಗುತ್ತಿರುವಾಗ ಕತ್ತಲಾದರೆ ಏನಾದೀತೆಂದು ಮರಗೆಲಸದವರಿಗೆ ಬಿಡಿಸಿ ಹೇಳಬೇಕಿಲ್ಲ. ಪರೀಕ್ಷೆಯ ವೇಳೆ ಹಳೆಯ ಟ್ಯೂಬ್‌ಲೈಟ್ ಹಾಕಿದೊಡನೆ ಆರ್‌ಸಿಸಿಬಿ ಬಿತ್ತು. ಆ ದೀಪದ ನ್ಯೂಟ್ರಲ್ (ವಿದ್ಯುತ್ ಮರಳುವ ವೈರು) ಯಂತ್ರಗಳ ನ್ಯೂಟ್ರಲ್‌ಗೆ ಸೇರಿಕೊಂಡಿತ್ತು; ಹೋದ ವಿದ್ಯುತ್ ತನ್ನ ಮೂಲಕವೇ ಮರಳದಿದ್ದರೆ ಆರ್‌ಸಿಸಿಬಿ ಅದನ್ನು ಸೋರಿಕೆಯೆಂದೇ ಎಣಿಸುತ್ತದೆ. ಗುತ್ತಿಗೆದಾರರ ಕೈಕೆಳಗಿನ ಹುಡುಗ ಒಂದೊಂದೇ ವೈರನ್ನು ಬಿಚ್ಚಿ ಅದನ್ನು ಪತ್ತೆಹಚ್ಚಿ, ಎರಡೂ ನ್ಯೂಟ್ರಲ್‌ಗಳನ್ನು ಬೇರೆ ಬೇರೆ ಪಟ್ಟಿಗೆ ಸೇರಿಸಿದನು. ವೈರಿನ ಪ್ರತಿ ತುದಿಗೂ ಲಗ್ (ಲೋಹದ ತೊಡಪು) ಒತ್ತಿ, ಸ್ಕ್ರೂ ಬಿಗಿದ ಮೇಲೆ ವೈರನ್ನು ಕೈಯಿಂದ ಜಗ್ಗಿ ನೋಡಿದನು. ಅರ್ಥ್ ಮತ್ತು ನ್ಯೂಟ್ರಲ್ ಡಿಬಿಯಲ್ಲಿ ಎಲ್ಲೂ ಒಂದಕ್ಕೊಂದು ಸೇರಿಲ್ಲ ಎಂಬುದನ್ನು ಮೀಟರ್ ಹಿಡಿದು ನನಗೂ ತೋರಿಸಿದರು.

ಕೊರತೆಗಳೂ ಇವೆ. ಯಾವ ಎಂಸಿಬಿ ಯಾವುದಕ್ಕೆ ಎಂಬ ಚೀಟಿಯನ್ನು ಡಿಬಿಯ ಮೇಲೆ ಅಂಟಿಸದೆ ಹೋದರು, ವೈರಿಂಗ್ ನಕ್ಷೆಯನ್ನು ಕೇಳಿದರೂ ಕೊಡಲಿಲ್ಲ. ಸಾಮಗ್ರಿಗೆಷ್ಟು, ಕೂಲಿಗೆಷ್ಟು ಎಂದು ಬಿಡಿಸದೆ ಬಿಲ್ಲಿನಲ್ಲಿ ಒಂದೇ ಮೊತ್ತ ಬರೆದದ್ದು ಸರಿಯಲ್ಲ. ಆದರೂ ಇಂಥ ಕೆಲಸಕ್ಕೆ ಇವರನ್ನೇ ಮತ್ತೆ ಕರೆಯುತ್ತೇನೆ. ಮುಂದೆ ವೆಲ್ಡಿಂಗ್ ಯಂತ್ರ ತರುವ ಯೋಚನೆಯಿದ್ದರೆ, ತಂದ ಮೇಲಲ್ಲ, ಮೊದಲೇ ಇಲ್ಲಿನ ವಿದ್ಯುತ್ ಸರಬರಾಜು ಕಂಪನಿಯಾದ ಸೆಸ್ಕ್‌ಗೆ ಅರ್ಜಿ ಹಾಕಿ ಮಂಜೂರಾದ ಲೋಡನ್ನು ಹೆಚ್ಚಿಸಿಕೊಳ್ಳಬೇಕೆಂದು ಕೇಳದೆಯೇ ತಿಳಿಸಿದವರೂ ಅವರೇ.